ಅರ್ಧ ಸೀಟು ಸರ್ಕಾರದ್ದು

ಹಾರಾಟವೆಂದರೆ ಹನುಮಪ್ಪನ ಖಾತೆ. ಅವನು ಗುಡ್ಡವನ್ನೇ ಹೊತ್ತು ಹಾರಿದ, ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿಯೇ ಇಳಿದ, ಲಕ್ಷ್ಮಣನ ಜೀವ ಉಳಿಸಿದ. ಯಾವ ಸರ್ಕಾರವೂ ಅವನಿಗೆ ಅನುದಾನ ಕೊಟ್ಟಿರಲಿಲ್ಲ. ಇಷ್ಟು ಸರಳವಾದ ವಿಚಾರ ಟಿಕೆಟ್ಟು ತೆಗೆಸುವ ಮೊದಲು ನನ್ನ ತಲೆಗೆ ಹೊಳೆಯಲಿಲ್ಲ. ದಿನಾ ಬೆಳಿಗ್ಗೆ ಅವನ ಮುಂದೆ ದೀಪ ಹಚ್ಚುವವಳು ನಾನು. ಅವನಾದರೂ ಒಂದು ಸೂಚನೆ ಕೊಡಬಹುದಿತ್ತು.

ಆದದ್ದಿಷ್ಟು. ನನ್ನ ತಮ್ಮ ಪ್ರಲ್ಹಾದನಿಗೆ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ, ನೆಂಟರೆಲ್ಲ ಕೇಳುವುದನ್ನೇ ಬಿಟ್ಟ ಮೇಲೆ, ಗಂಡು ಕೂಸು ಹುಟ್ಟಿತು. ಅವಸರದ ಕೂಸು. ಡಾಕ್ಟರು ಹೇಳಿದ್ದಕ್ಕಿಂತ ಮೊದಲೇ ಬಂದು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿತು. ಹೀಗಾಗಿ ಹನ್ನೆರಡನೆಯ ದಿನದ ತೊಟ್ಟಿಲ ಶಾಸ್ತ್ರ ತಪ್ಪಿತು. ಡಿಸೆಂಬರಿನಲ್ಲಿ ಕೂಸು ಮನೆಗೆ ಬಂದಾಗ ಆಚಾರ್ಯರು ಪಂಚಾಂಗವನ್ನು ಹಿಂದೆ ಮುಂದೆ ತಿರುವಿ ಒಂದೇ ಒಂದು ದಿನ ಹುಡುಕಿ ಕೊಟ್ಟರು. ಅದರ ಮರುದಿನದಿಂದ ಧನುರ್ಮಾಸ. ಅಂದು ಸಂಜೆ ನಾಲ್ಕೂಕಾಲಿನೊಳಗೆ ಹೆಸರಿಡದಿದ್ದರೆ ಕೂಸು ಸಂಕ್ರಾಂತಿಯವರೆಗೂ ಹೆಸರಿಲ್ಲದೆ ಇರಬೇಕು. ಅಷ್ಟು ಕಾದು ಪಡೆದ ಮಗನನ್ನು ಇನ್ನೊಂದು ತಿಂಗಳು "ಅದು", "ಇದು" ಎಂದು ಕರೆಯಲು ತಮ್ಮನ ಹೆಂಡತಿ ಸುಮಾ ತಯಾರಿರಲಿಲ್ಲ.

ಹೆಸರಿಡಬೇಕಾದವಳು ನಾನು. ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅವಳು ತೊಟ್ಟಿಲ ಮೇಲೆ ಬಗ್ಗಿ 'ಕುರ್‍ರ್' ಎಂದು ಕಿವಿಯಲ್ಲಿ ಹೆಸರು ಊದಬೇಕು. ಅದೇ ಹೊತ್ತಿಗೆ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಗುದ್ದಬೇಕೆಂದು ಆಚಾರ್ಯರನ್ನು ಕೇಳಿದರೆ ಅವರಿಗೂ ಗೊತ್ತಿಲ್ಲ. ಆದರೆ ಈ ಒಂದು ಶಾಸ್ತ್ರವನ್ನು ಮರೆತ ಹೆಂಗಸನ್ನು ನಾನು ಕಂಡಿಲ್ಲ. ಪ್ರಲ್ಹಾದನಿಗೆ ಅಕ್ಕ ಎಂದರೆ ನಾನೊಬ್ಬಳೇ. ಹೆಸರನ್ನು ಯೋಚಿಸಿ ಮನಸ್ಸಿನಲ್ಲಿಯೇ ಬಚ್ಚಿಟ್ಟಿದ್ದೆ. ಮೆತ್ತನೆಯ ಕೆಂಪು ಬಟ್ಟೆ ತಂದು, ಕೂಸಿನ ತಲೆಗೂ ಬೆನ್ನಿಗೂ ಒಂದೇ ಆಗುವ ಕುಂಚಿಗೆ ಹೊಲಿದಿದ್ದೆ. ರಾತ್ರಿ ಬಸ್ಸಿಗೆ ಹೊರಟರೆ ಬೆಳಗಾಗುವುದರೊಳಗೆ ತವರೂರು. ಪುಣೆಯ ನಿಗಡಿಯಲ್ಲಿ ಸಂಸಾರ ಹೂಡಿದಂದಿನಿಂದ ನಾನು ಹೋಗುತ್ತಿದ್ದದ್ದು ಹಾಗೆಯೇ.

ಆದರೆ ನಮ್ಮ ಯಜಮಾನರು ಪಿಂಪ್ರಿಯ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಪೇಪರನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುತ್ತಾರೆ.

"ಏನ ಕೇಳಿದೇನು," ಅಂದರು. "ನಿಮ್ಮೂರಿಗೆ ಪುಣೆಯಿಂದ ವಿಮಾನ ಬಿಟ್ಟಾರ. ಒಂದು ತಾಸಿನಾಗ ಮುಟ್ಟತಿ."

"ನನಗ್ಯಾಕ್ರಿ ವಿಮಾನ? ಅವೆಲ್ಲ ದೊಡ್ಡವರು ಓಡಾಡೋವು."

"ಇಲ್ಲೇ ನೀ ತಪ್ಪಿದ್ದು. ಸಣ್ಣ ಊರಿಗೆ ವಿಮಾನ ಬಿಟ್ರ ಕಂಪನಿಗೆ ಗಿಟ್ಟಂಗಿಲ್ಲ. ಗಿಟ್ಟಲಾರದ್ದನ್ನ ಸರ್ಕಾರ ತುಂಬಿಕೊಡ್ತದ. ನಿನ್ನಂಥಾಕಿ ಹಾರಲಿ ಅಂತನ ಈ ಯೋಜನಾ ಮಾಡ್ಯಾರ."

"ಅಂದ್ರ ನನ್ನ ಸೀಟಿನ ಅರ್ಧ ಸರ್ಕಾರದ್ದು?"

"ಹಂಗಽ ತಿಳ್ಕೊ."

ಜನ್ಮದಲ್ಲಿ ಸರ್ಕಾರ ನನಗಾಗಿ ಏನನ್ನೂ ತುಂಬಿಕೊಟ್ಟದ್ದು ನೆನಪಿರಲಿಲ್ಲ. ಗ್ಯಾಸಿನ ಸಬ್ಸಿಡಿ ಎಂದು ಖಾತೆಗೆ ಬೀಳುತ್ತಿದ್ದ ನಾಲ್ಕು ಕಾಸೂ ಯಾವಾಗಲೋ ನಿಂತುಹೋಗಿತ್ತು. ಹೀಗಿರುವಾಗ ನನ್ನನ್ನು ಆಕಾಶಕ್ಕೆ ಏರಿಸಲು ದಿಲ್ಲಿಯಲ್ಲಿ ಯಾರೋ ಕೂತು ಲೆಕ್ಕ ಹಾಕಿದ್ದಾರೆ ಎಂದರೆ ಬೇಡ ಎನ್ನಲು ಮನಸ್ಸು ಬರಲಿಲ್ಲ. ಹೂಂ ಎಂದೆ.

ಹೂಂ ಎಂದು ಸುಮ್ಮನಿದ್ದರೂ ಆಗುತ್ತಿತ್ತು. ಎದುರು ಮನೆಯ ಜೋಶಿ ಕಾಕೂಗೆ ಹೇಳಿದೆ. "ಅಗಂ ಬಾಈ, ವಿಮಾನಾನಂ?" ಎಂದು ಅವರು ಗಲ್ಲದ ಮೇಲೆ ಕೈಯಿಟ್ಟುಕೊಂಡರು. ಆ ಕೈ ನೋಡಿದ ಮೇಲೆ ನನ್ನ ನಾಲಿಗೆಗೆ ಲಗಾಮು ಉಳಿಯಲಿಲ್ಲ. ಪ್ರಲ್ಹಾದನಿಗೆ ಫೋನಿನಲ್ಲಿ ಹೇಳಿದೆ, ಸುಮಾಳ ತಾಯಿ ಇಂದಿರಾಬಾಯಿಗೆ ಪ್ರತ್ಯೇಕ ಫೋನು ಮಾಡಿ ಹೇಳಿದೆ. "ನೀವು ತ್ರಾಸ ತಗೋಬ್ಯಾಡ್ರಿ, ನಾ ವಿಮಾನದಾಗ ಬರಾಕಿ" ಎಂದೆ. ಅವರೇನು ತ್ರಾಸ ತೆಗೆದುಕೊಳ್ಳುವುದಿತ್ತೋ ನನಗೆ ಈಗಲೂ ತಿಳಿದಿಲ್ಲ.

ಹೊರಡುವ ಹಿಂದಿನ ದಿನ ಯಜಮಾನರು ನನಗೆ ತರಬೇತಿ ಕೊಟ್ಟರು.

"ವಿಮಾನದಾಗ ಕೂತ ಕೂಡಲೆ ಫೋನಿನಾಗ ಈ ಸಣ್ಣ ವಿಮಾನದ ಚಿತ್ರ ಒತ್ತಬೇಕು. ಮರೀಬ್ಯಾಡ. ಇಲ್ಲಂದ್ರ ಪೈಲಟ್‌ಗ ತ್ರಾಸ ಆಗ್ತದ."

"ಒತ್ತಿದ್ರ ಏನಾಗ್ತದ?"

"ಫೋನ್ ಸುಮ್ಮನಾಗ್ತದ."

"ಅಂಥಾದ್ದೊಂದು ನಿಮಗೂ ಇರಬೇಕಿತ್ತು ನೋಡ್ರಿ," ಎಂದೆ. ಈ ಚುರುಕುತನದಲ್ಲಿ, ಒತ್ತಿದ್ದನ್ನು ಮತ್ತೆ ಯಾವಾಗ ಒತ್ತಬೇಕೆಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ನಸುಕಿನಲ್ಲಿ ನಿಗಡಿಯಿಂದ ಲೋಹಗಾಂವದ ವಿಮಾನ ನಿಲ್ದಾಣಕ್ಕೆ ರಿಕ್ಷಾದಲ್ಲಿ ಹೊರಟೆವು, ನಾನು ಮತ್ತು ನನ್ನನ್ನು ಬಿಟ್ಟುಬರಲು ಯಜಮಾನರು. ಆ ದಾರಿ ಮುಗಿಯುವುದರೊಳಗೆ ವಿಮಾನದಲ್ಲಿ ನಮ್ಮೂರಿಗೆ ಹೋಗಿ ಚಹಾ ಕುಡಿಯಬಹುದಿತ್ತು. ಬಾಣಂತಿಗೆಂದು ನಾನೇ ಕಾಯಿಸಿದ ತುಪ್ಪದ ಡಬ್ಬಿ ಕೈಚೀಲದಲ್ಲಿತ್ತು. ತಪಾಸಣೆಯ ಹುಡುಗಿ ಅದನ್ನು ಎತ್ತಿ ಹಿಡಿದು, "ಮಾವಶಿ, ಹೇ ನಾಹೀ ಚಾಲಣಾರ," ಎಂದಳು. ಇದು ನಡೆಯುವುದಿಲ್ಲವಂತೆ. "ತುಪ್ಪದಿಂದ ಯಾರ ವಿಮಾನ ಬಿದ್ದದವ್ವಾ?" ಎಂದು ಕನ್ನಡದಲ್ಲಿಯೇ ಕೇಳಿದೆ. ಅವಳಿಗೆ ತಿಳಿಯಲಿಲ್ಲ. ತುಪ್ಪ ಅಲ್ಲಿಯೇ ಉಳಿಯಿತು. ಒಂದು ಪುಣ್ಯ, ಕುಂಚಿಗೆ ಮತ್ತು ಸುಮಾಳಿಗೆ ತಂದ ಹೊಸ ಸೀರೆ ದೊಡ್ಡ ಚೀಲದಲ್ಲಿದ್ದು ಮೊದಲೇ ವಿಮಾನದ ಹೊಟ್ಟೆ ಸೇರಿದ್ದವು.

ವಿಮಾನ ಸಣ್ಣದು. ಎರಡೂ ಕಡೆ ಒಂದೊಂದು ಪಂಖ, ನಮ್ಮ ಅಡಿಗೆಮನೆಯ ಗೋಡೆಯಲ್ಲಿ ಇರುವಂಥದ್ದೇ, ಸ್ವಲ್ಪ ದೊಡ್ಡದು. ನನ್ನ ಪಕ್ಕದ ಸೀಟು ಖಾಲಿ. ಸರ್ಕಾರಕ್ಕೇ ಬಿಟ್ಟಿದ್ದಾರೆ ಎಂದುಕೊಂಡೆ. ಫೋನಿನ ವಿಮಾನ ಒತ್ತಿದೆ, ಹನುಮಪ್ಪನನ್ನು ನೆನೆದೆ, ಕಣ್ಣು ಮುಚ್ಚಿದೆ. ತೆರೆದಾಗ ಮೋಡದ ಮೇಲಿದ್ದೆ. ಸುಳ್ಳೇಕೆ ಹೇಳಲಿ, ಸುಖವಾಗಿತ್ತು. ಸರ್ಕಾರಕ್ಕೆ ಮನಸ್ಸಿನಲ್ಲಿಯೇ ಆಶೀರ್ವಾದ ಮಾಡಿದೆ. ಅದನ್ನು ಆಮೇಲೆ ವಾಪಸು ತೆಗೆದುಕೊಂಡಿದ್ದೇನೆ.

ನಮ್ಮೂರಿನ ಮೇಲೆ ಬಂದಾಗ ಕೆಳಗೆ ಊರೇ ಇರಲಿಲ್ಲ. ಪಿಂಜಿದ ಹತ್ತಿ ಹರವಿದಂತೆ ಮಂಜು. ವಿಮಾನ ಒಂದು ಸುತ್ತು ಹಾಕಿತು. ಮತ್ತೊಂದು ಹಾಕಿತು. ನಾನು ಗುಡಿ ಸುತ್ತಿದಂತೆ ಕೈ ಮುಗಿದು ಕೂತೆ. ಮೂರನೆಯ ಪ್ರದಕ್ಷಿಣೆ ಆಗಲಿಲ್ಲ. ನೆಲ ಕಾಣುತ್ತಿಲ್ಲವೆಂದೂ ವಿಮಾನವನ್ನು ಬೇರೆ ಊರಿನಲ್ಲಿ ಇಳಿಸುತ್ತೇವೆಂದೂ ಇಂಗ್ಲಿಷಿನಲ್ಲಿ ಹೇಳಿದರು.

ಹಿಂದಿನ ಸೀಟಿನ ಹಿರಿಯರೊಬ್ಬರು ಅದನ್ನು ಕನ್ನಡಕ್ಕೆ ತಂದು ಹೇಳಿ, ತಮ್ಮದೂ ಒಂದು ಮಾತು ಸೇರಿಸಿದರು. "ಮಂಜಿನಾಗ ಇಳಿಸೋ ಯಂತ್ರ ಇಲ್ಲಿಗೆ ಇನ್ನಾ ಬಂದಿಲ್ರಿ."

"ಮತ್ತ ಏನು ಬಂದದರಿ?"

"ಸ್ವಾಗತ ಕಮಾನು ಬಂದದ. ಕಾರಂಜಿ ಬಂದದ."

ಹೇಳಿ, ಯಾರಿಗೆ ಸಿಟ್ಟು ಬರುವುದಿಲ್ಲ? ಮನೆ ಕಟ್ಟುವವರು ಮೊದಲು ಒಲೆ ಹಾಕಿಸುತ್ತಾರೋ, ಬಾಗಿಲಿಗೆ ಬಣ್ಣದ ಬಲ್ಬು ಹಾಕಿಸುತ್ತಾರೋ? ಚಳಿಗಾಲದಲ್ಲಿ ಬೆಳಿಗ್ಗೆ ನಮ್ಮೂರಿನಲ್ಲಿ ಮಂಜು ಬೀಳುತ್ತದೆ ಎಂಬುದು ಹಾಲು ಹಾಕುವವನಿಗೂ ಗೊತ್ತು. ಕೋಟಿಗಟ್ಟಲೆ ಸುರಿದು ನಿಲ್ದಾಣ ಕಟ್ಟಿದವರು ಅವನನ್ನು ಒಂದು ಮಾತು ಕೇಳಬಾರದಿತ್ತೆ?

ಇಳಿದದ್ದು ಬೇರೆ ಜಿಲ್ಲೆಯಲ್ಲಿ. ಒಂದು ಪುಣ್ಯ, ಇಳಿದೆವು. ಅಲ್ಲಿ ಬಿಸ್ಕೀಟು ಕೊಟ್ಟು, ಬಹಳ ಹೊತ್ತು ಕೂಡಿಸಿ, ಕೊನೆಗೆ ಒಂದು ಬಸ್ಸು ತಂದು ನಿಲ್ಲಿಸಿದರು. ಹತ್ತುವಾಗ ಗಂಟೆ ಹನ್ನೆರಡು. ನಮ್ಮೂರು ಮೂರು ತಾಸಿನ ದಾರಿ. ನಾಲ್ಕೂಕಾಲಿಗೆ ಇನ್ನೂ ಸಮಯವಿದೆ ಎಂದು ಎದೆ ಗಟ್ಟಿ ಮಾಡಿಕೊಂಡೆ. ಫೋನಿನ ವಿಮಾನವನ್ನು ಮಾತ್ರ ಮುಟ್ಟಲಿಲ್ಲ. ಟಿಕೆಟ್ಟು ವಿಮಾನದ್ದೇ ತಾನೆ? ಬಸ್ಸಿಗೂ ಅದೇ ನಿಯಮ ಎಂದುಕೊಂಡೆ. ಡ್ರೈವರಿಗೂ ತ್ರಾಸ ಆಗಬಾರದಲ್ಲ.

ದಾರಿಯುದ್ದಕ್ಕೂ ನನಗೆ ಒಳಗೊಳಗೇ ಇನ್ನೊಂದು ಸಿಟ್ಟು. ಬೆಳಗಿನಿಂದ ಒಬ್ಬರಾದರೂ ಫೋನು ಮಾಡಬಾರದೆ? ಹೆಸರಿಡುವ ಸೋದರತ್ತೆ ಆಕಾಶದಲ್ಲಿದ್ದಾಳೋ ಪಾತಾಳದಲ್ಲಿದ್ದಾಳೋ ಎಂದು ತಮ್ಮನಿಗೆ ಚಿಂತೆಯಿಲ್ಲ. ಕಟ್ಟಿಕೊಂಡ ಗಂಡನಿಗೂ ಇಲ್ಲ. ಫೋನು ತೊಡೆಯ ಮೇಲೆ ಕಲ್ಲಿನಂತೆ ಸುಮ್ಮನಿತ್ತು.

ಮೂರು ಗಂಟೆಯ ಹೊತ್ತಿಗೆ ಊರು ಬಂತು. ಹನುಮಪ್ಪನ ಗುಡಿಯ ಶಿಖರ ಕಂಡಿತು. ಅದರ ಮುಂದಿನ ತಿರುವಿನಲ್ಲಿಯೇ ನಮ್ಮ ಓಣಿ. ನಾನು ಎದ್ದು ಮುಂದೆ ಹೋಗಿ, "ಇಲ್ಲೇ ನಿಂದರಸ್ರಿ," ಎಂದೆ.

ಡ್ರೈವರ್ ತಿರುಗಿ ನೋಡಲಿಲ್ಲ. "ಇಲ್ಲಿ ಸ್ಟಾಪ್ ಇಲ್ರಿ ಅಕ್ಕಾರ. ಸೀದಾ ಏರ್‌ಪೋರ್ಟ್."

"ಏರ್‌ಪೋರ್ಟಿಗೆ ಯಾಕ್ರಿ? ನಮ್ಮನಿ ಇಲ್ಲೇ ಅದ."

"ನಿಮ್ಮ ಟಿಕೆಟ್ ಏರ್‌ಪೋರ್ಟ್ ತನಕ ಅದ. ಅಲ್ಲೇ ಇಳಿಸಬೇಕು. ನಡುವ ಇಳಿಸಿದ್ರ ನನ್ನ ನೌಕರಿ ಹೋಗ್ತದ."

ವಿಮಾನ ನಿಲ್ದಾಣ ಊರಿನಿಂದ ಆಚೆ, ಮುಕ್ಕಾಲು ತಾಸಿನ ದಾರಿ. ಅಲ್ಲಿಗೆ ಹೋಗಿ, ಮತ್ತೆ ಗಾಡಿ ಹುಡುಕಿ, ಇದೇ ಓಣಿಗೆ ಬರುವುದೆಂದರೆ ಮುಹೂರ್ತ ಮುಗಿದೇ ಹೋಗುತ್ತದೆ. ನನ್ನ ತಾಳ್ಮೆ ಬೆಳಗಿನಿಂದ ಸವೆದು ಸವೆದು ನೂಲಿನಷ್ಟಾಗಿತ್ತು. ಅದೂ ಹರಿಯಿತು.

"ನೋಡ್ರಿ, ವಿಮಾನದವರ ಮಾತು ನನಗ ಹೇಳಬ್ಯಾಡ್ರಿ. ಅವರು ಇಳಿಸೋ ಊರಾಗ ಇಳಿಸಲಿಲ್ಲ. ಕೂಸಿಗೆ ಹೆಸರಿಡಬೇಕು ನಾನು. ನನ್ನ ಸೀಟಿನ ಅರ್ಧ ಸರ್ಕಾರದ್ದಲ್ಲೇನು? ಸರ್ಕಾರದ ಅರ್ಧಾನ ಏರ್‌ಪೋರ್ಟಿಗೆ ಒಯ್ರಿ. ನನ್ನ ಅರ್ಧಾನ ಇಲ್ಲಿ ಇಳಸ್ರಿ."

ಬಸ್ಸಿನಲ್ಲಿ ಎಲ್ಲರೂ ನಕ್ಕರು. ಹಿಂದಿನ ಸೀಟಿನ ಹಿರಿಯರು, "ಪಾಪ, ಇಳಸೋ ಮಾರಾಯಾ, ಇಲ್ಲಂದ್ರ ನಿನಗ ಹೆಸರಿಡ್ತಾರ," ಎಂದರು. ಡ್ರೈವರ್ ಬ್ರೇಕು ಹಾಕಿದ.

"ಚೀಲ ಮಾತ್ರ ಸಿಗಂಗಿಲ್ಲ," ಎಂದ. "ಡಿಕ್ಕಿಗೆ ಬೀಗ ಹಾಕ್ಯಾರ. ಕೀಲಿ ಏರ್‌ಪೋರ್ಟಿನಾಗದ."

ಹೋಗಲಿ ಚೀಲ. ನಾನು ಇಳಿದೆ. ಬಸ್ಸು ಹೊಗೆ ಬಿಟ್ಟು ಹೋಯಿತು. ಆ ಕ್ಷಣದಲ್ಲಿ ನನಗನ್ನಿಸಿದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಒಂದು ವಿಮಾನ ಕಂಪನಿ, ಒಂದು ಸರ್ಕಾರ, ಎರಡನ್ನೂ ಒಬ್ಬಳೇ ಸೋಲಿಸಿದ ಹೆಂಗಸು ನಾನು ಎನ್ನಿಸಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ರಾಣಿಯ ಹಾಗೆ ಓಣಿಯಲ್ಲಿ ನಡೆದೆ.

ಮನೆಗೆ ಬೀಗ ಹಾಕಿತ್ತು.

ಬಾಗಿಲಿಗೆ ಮಾವಿನ ತೋರಣವಿತ್ತು, ಅಂಗಳದಲ್ಲಿ ರಂಗೋಲಿಯಿತ್ತು, ಒಳಗಿನಿಂದ ಗುಗ್ಗರಿ ಬೆಂದ ವಾಸನೆ ಬರುತ್ತಿತ್ತು. ಮನುಷ್ಯರು ಮಾತ್ರ ಇರಲಿಲ್ಲ. ಪಕ್ಕದ ಮನೆಯ ಗಂಗವ್ವ ಕಟ್ಟೆಯ ಮೇಲೆ ಸೊಪ್ಪು ಸೋಸುತ್ತ ಕೂತಿದ್ದಳು. ನನ್ನನ್ನು ನೋಡಿ ಅವಳ ಕೈ ನಿಂತಿತು.

"ಯವ್ವಾ, ಸುಶೀಲಕ್ಕಾ, ನೀ ಇಲ್ಲೇನು ಮಾಡಾಕತ್ತಿ?"

"ಹೆಸರಿಡಾಕ ಬಂದೀನಿ. ಎಲ್ಲಿ ಹೋಗ್ಯಾರ ಎಲ್ಲಾರೂ?"

"ನಿನ್ನ ಕರಕೊಂಬರಾಕ ಏರ್‌ಪೋರ್ಟಿಗೆ ಹೋಗ್ಯಾರ."

"ಎಲ್ಲಾರೂ?"

"ಎಲ್ಲಾರೂ. ಕೂಸು, ಬಾಣಂತಿ, ಆಚಾರ್ರು, ತೊಟ್ಟಿಲಾ, ಎಲ್ಲಾ. ಬಸ್ಸು ಅಲ್ಲಿಗೇ ಬರ್ತದಂತ ವಿಮಾನದವರು ಹೇಳಿದ್ರಂತ, ಅಲ್ಲಿಂದ ಮನಿಗೆ ಬರೂದರಾಗ ಹೊತ್ತು ಮೀರ್ತದಂತ. ಅದಕ್ಕ ನೀ ಬಸ್ ಇಳಿದ ಕೂಡಲೆ ಅಲ್ಲೇ ಹೆಸರಿಟ್ಟು ಬರ್ತೀವಿ ಅಂತ ಪಲ್ಲಣ್ಣ ಕ್ರೂಸರ್ ಗಾಡಿ ಮಾಡಿಕೊಂಡು ಹೋದ. ಭಾಳ ಶಾಣ್ಯಾ ನೋಡು ನಿನ್ನ ತಮ್ಮ."

ನಾನು ಕಟ್ಟೆಯ ಮೇಲೆ ಕೂತೆ. ನನ್ನ ತಮ್ಮ ಶಾಣ್ಯಾ ಎಂಬುದರಲ್ಲಿ ಸಂಶಯವಿರಲಿಲ್ಲ. ಅವನ ಅಕ್ಕ ಬಸ್ಸಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಫೋನು ತೆಗೆದು ಅವನಿಗೆ ಮಾಡಿದೆ. ಹೋಗಲಿಲ್ಲ. ಮತ್ತೆ ಮಾಡಿದೆ. ಹೋಗಲಿಲ್ಲ. ಗಂಗವ್ವನ ಫೋನನ್ನು ಅವಳ ಮಗ ಒಯ್ದಿದ್ದ.

"ನೋಡು ಗಂಗವ್ವಾ," ಎಂದೆ, "ಕಾರಂಜಿಗೆ ರೊಕ್ಕ ಅದ ಇವರ ಹತ್ರ. ಒಂದು ಟವರ್ ಹಾಕ್ಸಾಕಿಲ್ಲ."

"ನಮ್ಮ ಓಣಿಯಾಗ ಛಲೋ ಹತ್ತತದಲ್ಲ," ಎಂದು ಗಂಗವ್ವ ಸೊಪ್ಪು ಸೋಸಿದಳು. ನಾನು ಅದಕ್ಕೆ ಕಿವಿಗೊಡಲಿಲ್ಲ. ಸಿಟ್ಟು ಬಂದಾಗ ನನ್ನ ಕಿವಿ ಅಷ್ಟಾಗಿ ಕೇಳಿಸುವುದಿಲ್ಲ.

ಆಟೋ ನಿಲ್ಲಿಸಿದೆ. ಅವನು, "ಏರ್‌ಪೋರ್ಟಾ? ಅಲ್ಲಿಂದ ವಾಪಸ್ ಬಾಡಿಗಿ ಸಿಗಂಗಿಲ್ರಿ," ಎಂದು ಹೋಗಿಬಿಟ್ಟ. ಇನ್ನೊಬ್ಬ ಕೈ ಅಲ್ಲಾಡಿಸಿದ, ನಿಲ್ಲಿಸಲೂ ಇಲ್ಲ. ಎಂಥ ಊರಿಗೆ ಎಂಥ ನಿಲ್ದಾಣ ಕಟ್ಟಿದ್ದಾರೆ ನೋಡಿ. ಪುಣೆಯಿಂದ ನಮ್ಮೂರಿಗೆ ಬರಲು ಸರ್ಕಾರ ದುಡ್ಡು ತುಂಬುತ್ತದೆ. ನಮ್ಮೂರಿನಿಂದ ನಮ್ಮೂರಿನ ನಿಲ್ದಾಣಕ್ಕೆ ಹೋಗಲು ದುಡ್ಡು ಕೊಡುತ್ತೇನೆಂದರೂ ಗಾಡಿಯಿಲ್ಲ.

ಕೊನೆಗೆ ಸಿಕ್ಕದ್ದು ಕುಡಿಯುವ ನೀರಿನ ಕ್ಯಾನು ಒಯ್ಯುವ ಸಣ್ಣ ಟೆಂಪೋ. ನಿಲ್ದಾಣಕ್ಕೆ ದಿನಾ ತಪ್ಪದೆ ಹೋಗಿಬರುವ ವಾಹನ ಅದೊಂದೇ ಎಂದು ಗಂಗವ್ವ ಹೇಳಿದಳು. ಮುಂದೆ ಡ್ರೈವರ್ ಬಸಪ್ಪನ ಪಕ್ಕ ಇನ್ನಿಬ್ಬರು ಕೂತಿದ್ದರು. ನಾನು ಇಳಕಲ್ಲ ಸೀರೆಯುಟ್ಟು ಹಿಂದೆ ಕ್ಯಾನುಗಳ ನಡುವೆ, ಒಂದನ್ನು ತಬ್ಬಿಕೊಂಡು ಕೂತೆ. ಬೆಳಿಗ್ಗೆ ಮೋಡದ ಮೇಲೆ, ಮಧ್ಯಾಹ್ನ ನೀರಿನ ನಡುವೆ. ಒಂದು ಪುಣ್ಯ, ಜೋಶಿ ಕಾಕೂ ಪುಣೆಯಲ್ಲಿದ್ದರು.

ಅರ್ಧ ದಾರಿ ಹೋಗಿರಬೇಕು. ಎದುರಿನಿಂದ ಒಂದು ಕ್ರೂಸರ್ ಬಂತು. ಮೇಲೆ ಹಗ್ಗದಿಂದ ಬಿಗಿದ ನಮ್ಮ ಮನೆಯ ಮರದ ತೊಟ್ಟಿಲು. ನಾನು ಎದ್ದು ನಿಂತು ಎರಡೂ ಕೈ ಬೀಸಿ ಕೂಗಿದೆ. ಕ್ರೂಸರ್ ನನ್ನನ್ನು ದಾಟಿ ಹೋಗಿಯೇಬಿಟ್ಟಿತು. ಕಣ್ಣಲ್ಲಿ ನೀರು ಬಂತು. "ಹನುಮಪ್ಪಾ, ನಾ ಹಾರಿದ್ದು ತಪ್ಪಾತು, ಇಳಿದಿದ್ದೂ ತಪ್ಪಾತು. ನನ್ನ ತಪ್ಪು ನನಗಿರಲಿ, ಕೂಸಿಗೆ ಹೆಸರು ತಪ್ಪಸಬ್ಯಾಡ," ಎಂದೆ. ಕ್ರೂಸರ್ ದೂರದಲ್ಲಿ ನಿಂತಿತು, ಹಿಂದಕ್ಕೆ ಬರತೊಡಗಿತು.

ಎರಡೂ ಗಾಡಿ ಸೇರಿದ್ದು ಸರಿಯಾಗಿ, ನಿಲ್ದಾಣದ್ದೆಂದು ನಡುದಾರಿಯಲ್ಲಿಯೇ ಕಟ್ಟಿದ್ದ ಸ್ವಾಗತ ಕಮಾನಿನ ಕೆಳಗೆ. ಪ್ರಲ್ಹಾದ ನನ್ನ ಚೀಲ ಹಿಡಿದುಕೊಂಡೇ ಇಳಿದ. ಅವನ ಮುಖ ಬಿಳಿಚಿಕೊಂಡಿತ್ತು.

"ಬಸ್ ಬಂತು, ಚೀಲ ಬಂತು, ನೀ ಬರಲಿಲ್ಲ. ನನ್ನ ಜೀವಾನ ಹೋಗಿತ್ತಕ್ಕಾ. ಡ್ರೈವರ್ ಅಂದ, ಜಗಳಾ ತಗದು ಇಳದು ಹೋದ್ರು ಅಂತ. ಬೆಳಗಿನಿಂದ ಎಷ್ಟು ಸರ್ತಿ ಫೋನ್ ಮಾಡೀನಿ, ಬಸ್ಸಿನಾಗ ಸುಮ್ಮನ ಕೂಡು ಅಂತ ಹೇಳಾಕ. ಭಾವನೂ ಅಲ್ಲಿ ಪುಣೆದಾಗ ಒದ್ದಾಡಾಕತ್ತಾರ. ಫೋನ್ ಎಲ್ಲದ?"

"ಇಲ್ಲದ. ನೆಟ್‌ವರ್ಕ್ ಇಲ್ಲ ನಿಮ್ಮೂರಾಗ."

ಅವನು ಫೋನು ಇಸಿದುಕೊಂಡು ನೋಡಿದ.

"ಅಕ್ಕಾ," ಎಂದ ಮೆಲ್ಲಗೆ, "ನೀ ಇಳದು ಭಾಳ ಹೊತ್ತಾತು. ನಿನ್ನ ಫೋನ್ ಇನ್ನಾ ಹಾರಾಕತ್ತದ."

ಆಚಾರ್ಯರು ಗಡಿಯಾರ ನೋಡಿ, "ಫೋನಿನ ಮಾತು ಆಮ್ಯಾಲೆ ಆಡೂಣು, ಮೊದಲು ಶಾಸ್ತ್ರ ಮಾಡ್ರಿ. ಇನ್ನ ಹತ್ತು ನಿಮಿಷ ಅದ," ಎಂದರು.

ತೊಟ್ಟಿಲಿಗೆ ಹಾಕಿದ ಹಗ್ಗದ ಗಂಟು ಬಿಚ್ಚಲು ಹತ್ತು ನಿಮಿಷ ಸಾಲುತ್ತಿರಲಿಲ್ಲ. ನನ್ನ ಚೀಲ ತೆಗೆದು ಸುಮಾಳಿಗೆ ತಂದಿದ್ದ ಹೊಸ ಸೀರೆಯನ್ನು ಬಿಡಿಸಿ ಮಡಿಸಿದೆವು. ಪ್ರಲ್ಹಾದ ಒಂದು ತುದಿ ಹಿಡಿದ, ನೀರಿನ ಬಸಪ್ಪ ಇನ್ನೊಂದು ತುದಿ ಹಿಡಿದ. ಕುಂಚಿಗೆ ತೊಡಿಸಿದ ಕೂಸು ಸೀರೆಯ ಜೋಲಿಯಲ್ಲಿ ಮಲಗಿತು. ಎಷ್ಟು ಹಗುರ ಅದು. ಇಷ್ಟು ಸಣ್ಣ ಜೀವಕ್ಕಾಗಿ ನಾನು ಎಷ್ಟು ದೊಡ್ಡ ಯಂತ್ರ ಹತ್ತಿ ಬಂದೆ ಎನ್ನಿಸಿತು. ಬಗ್ಗಿದೆ. ಕಿವಿಯಲ್ಲಿ 'ಕುರ್‍ರ್' ಎಂದೆ. ವಾಯುವಿನ ಮಗ ಹನುಮಪ್ಪನ ಕಡೆಯಿಂದಲೇ ಬಂದದ್ದೆಂದು ನಾನು ಬಚ್ಚಿಟ್ಟುಕೊಂಡಿದ್ದ ಹೆಸರು ಹೇಳಿದೆ. ಪವನ.

ಅಷ್ಟರಲ್ಲಿ ಬೆನ್ನ ಮೇಲೆ ಬಿತ್ತು.

ಗುದ್ದು ಎಂದರೆ ಶಾಸ್ತ್ರಕ್ಕೆ ಮುಟ್ಟಿಸುವುದು ಎಂದು ಲೋಕದ ರೂಢಿ. ಅಂದು ಹಾಗಾಗಲಿಲ್ಲ. "ಇದು ಬಸ್ ಇಳದದ್ದಕ್ಕ," ಎಂದು ಸುಮಾ ಗುದ್ದಿದಳು. ಬಾಣಂತಿಯ ಕೈಯಲ್ಲಿ ಅಷ್ಟು ಬಲವಿರುತ್ತದೆಂದು ನನಗೆ ಗೊತ್ತಿರಲಿಲ್ಲ. "ಇದು ಫೋನಿಗೆ," ಎಂದು ನಮ್ಮ ಚಿಕ್ಕಮ್ಮ ಗುದ್ದಿದರು. ಇಂದಿರಾಬಾಯಿ ಕೊನೆಗೆ ಬಂದರು, ಬಳೆ ಹಿಂದೆ ಸರಿಸಿಕೊಂಡರು. "ನಾ ವಿಮಾನದಾಗ ಬರಾಕಿ ಅಂತ ನನಗ ಬ್ಯಾರೇನ ಫೋನ್ ಮಾಡಿ ಹೇಳಿದ್ರಲ್ಲ. ಇದು ಅದಕ್ಕ," ಎಂದರು. ಆ ಗುದ್ದಿನ ಗುರುತು ನನ್ನ ಬಳಿ ಇನ್ನೂ ಇದೆ.

ಒಂದು ಪುಣ್ಯ, ನಾಲ್ಕೂಕಾಲಿನೊಳಗೆ ಕೂಸಿಗೆ ಹೆಸರಾಯಿತು. ಆದರೆ ಆ ಹೆಸರಿನಿಂದ ಅದನ್ನು ಕರೆಯುವವಳು ನಾನೊಬ್ಬಳೇ. ಊರಿಗೆಲ್ಲ ಅದು ಆಗಲೇ ವಿಮಾನಪ್ಪ ಆಗಿದೆ.

ಮೂರನೆಯ ದಿನ ವಾಪಸು ಹೊರಡಬೇಕು. ಯಜಮಾನರು ಬರುವ ಟಿಕೆಟ್ಟನ್ನೂ ವಿಮಾನಕ್ಕೇ ತೆಗೆಸಿದ್ದರು. ಮಂಜು, ಕಮಾನು, ಕಾರಂಜಿ ಎಲ್ಲವನ್ನೂ ನೆನೆದು ನಾನು ಪ್ರಲ್ಹಾದನಿಗೆ ಹೇಳಿದೆ: "ಜನರ ತೆರಿಗಿ ರೊಕ್ಕ ಹಿಂಗ ಪೋಲು ಮಾಡೋರ ಗಾಡಿಯಾಗ ನಾ ಇನ್ನ ಕಾಲಿಡಂಗಿಲ್ಲ. ಬಸ್ಸಿಗೇ ಹೋಗಾಕಿ." ಯಜಮಾನರಿಗೆ ಹೇಳಲಿಲ್ಲ. ಹೇಳಿದ್ದರೆ ಮತ್ತೊಂದು ತರಬೇತಿ ಆಗುತ್ತಿತ್ತು. ಬೆಳಗಿನ ಬಸ್ಸು ಹತ್ತಿ ಕಿಟಕಿಯ ಪಕ್ಕ, ನೋಯುವ ಬೆನ್ನಿಗೆ ಶಾಲು ಮಡಿಸಿಟ್ಟುಕೊಂಡು ಕೂತೆ.

ಊರು ದಾಟಿ ಸ್ವಲ್ಪ ದೂರದಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಬಸ್ಸು ನಿಂತಿತು. ಮಂಜಿನ ಒಂದು ಎಳೆಯೂ ಇರಲಿಲ್ಲ, ತೊಳೆದಿಟ್ಟ ತಟ್ಟೆಯಂಥ ಆಕಾಶ. ತಲೆಯ ಮೇಲೆ ಗುಂಯ್ ಎಂದು ಸದ್ದಾಯಿತು. ಎರಡು ಪಂಖದ ಸಣ್ಣ ವಿಮಾನ, ಬಿಸಿಲಿನಲ್ಲಿ ಮಿಂಚುತ್ತ, ನೇರ ಪುಣೆಯ ಕಡೆಗೆ.

"ಪುಣೆ ವಿಮಾನ," ಎಂದ ಕಂಡಕ್ಟರ್ ಗಡಿಯಾರ ನೋಡಿಕೊಂಡು. "ಇವತ್ತು ಬರೋಬ್ಬರಿ ಟೈಮಿಗೆ ಹೊಂಟದ ನೋಡ್ರಿ."

ಅದರಲ್ಲಿ ಒಂದು ಸೀಟು ಖಾಲಿಯಿತ್ತು. ಅದರ ಅರ್ಧ ದುಡ್ಡು ಸರ್ಕಾರದ್ದು, ಅಂದರೆ ಜನರ ತೆರಿಗೆಯದು. ಪೋಲು ಮಾಡಿದವಳು ಗೇಟಿನಲ್ಲಿ ನಿಂತ ಬಸ್ಸಿನಲ್ಲಿ ಬೆನ್ನು ಒತ್ತಿಕೊಳ್ಳುತ್ತ ಕೂತಿದ್ದಳು.

ಆಗಲೇ ಫೋನು ಹೊಡೆದುಕೊಂಡಿತು. ಯಜಮಾನರು. ವಿಮಾನ ಹತ್ತಿದೆಯಾ ಎಂದು ಕೇಳುವುದಕ್ಕಿರಬೇಕು. ಹೊಡೆದುಕೊಳ್ಳುತ್ತಿದ್ದ ಫೋನನ್ನು ನೋಡಿದೆ, ಮೇಲೆ ಸಣ್ಣಗಾಗುತ್ತಿದ್ದ ವಿಮಾನವನ್ನು ನೋಡಿದೆ. ಕಲಿಸಿದ್ದನ್ನು ನಾನು ಮರೆಯುವವಳಲ್ಲ. ಆ ಸಣ್ಣ ಚಿತ್ರ ಹುಡುಕಿ ಒತ್ತಿದೆ.

ಫೋನು ಸುಮ್ಮನಾಯಿತು.